ಗಾದಿಯ ಮೇಲೆ ನೂಲಿನ ಸೀರೆ

ನಮ್ಮ ಜವಳಿ ಅಂಗಡಿ ಅಜ್ಜಂಪುರದ ಪೇಟೆಬೀದಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಎಡಕ್ಕೆ ಪಂಚೆ, ಅಂಗಿಬಟ್ಟೆ, ಟವೆಲು; ಬಲಕ್ಕೆ ಸೀರೆ. ಎಡಗಡೆಯ ಗಾದಿಯ ಮೇಲೆ ನನ್ನ ಮೈದುನ ಕೂರುತ್ತಿದ್ದ, ಬಲಗಡೆಯದರ ಮೇಲೆ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮನೆಯ ಈಗಿನ ಮಕ್ಕಳು 'ಅಜ್ಜಿ ಆಗಾಗ ಅಂಗಡಿಯಲ್ಲಿ ಸಹಾಯ ಮಾಡುತ್ತಿದ್ದರಂತೆ' ಎಂದು ನೆಂಟರಿಗೆ ಹೇಳುವುದನ್ನು ಕಿವಿಯಾರೆ ಕೇಳಿದ್ದೇನೆ. ನಾನು ಸಹಾಯ ಮಾಡಲಿಲ್ಲ. ವ್ಯಾಪಾರ ಮಾಡಿದೆ. ನಮ್ಮ ಯಜಮಾನರು ಮಾಲು ತರಲು ದಾವಣಗೆರೆಗೂ ಬೆಂಗಳೂರಿಗೂ ಓಡಾಡುತ್ತಿದ್ದ ಆ ವರ್ಷಗಳಲ್ಲಿ, ಸುತ್ತಲಿನ ಹಳ್ಳಿಗಳ ಹೆಂಗಸರು ನಮ್ಮ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದುದು ಬಲಗಡೆಯ ಗಾದಿಯ ಮೇಲೆ ಹೆಂಗಸೊಬ್ಬಳು ಕುಳಿತಿದ್ದಾಳೆ ಎಂಬ ಕಾರಣಕ್ಕೆ. ಲಂಗದ ಬಟ್ಟೆ ಎಷ್ಟು ಬೇಕೆಂದು ಮೈದುನನ ಮುಂದೆ ಯಾರು ಹೇಳುತ್ತಾರೆ?

ಎಪ್ಪತ್ತರ ದಶಕದ ಕೊನೆಗೆ ಬರುವ ಹೊತ್ತಿಗೆ ನನಗೆ ನಲವತ್ತೆಂಟು ತುಂಬಿತ್ತು. ಮುಟ್ಟು ಮೊದಲು ತಪ್ಪಿ ತಪ್ಪಿ ಬಂದು, ಆಮೇಲೆ ನಿಂತಿತು. ಇದು ಮನೆಗೆಲ್ಲ ತಿಳಿದದ್ದು ನಾನು ಹೇಳಿ ಅಲ್ಲ, ಉಪ್ಪಿನಕಾಯಿಯ ಭರಣಿಯಿಂದ. ನಮ್ಮದು ಲಿಂಗ ಕಟ್ಟಿದ ಮನೆ. ಹೆಂಗಸಿಗೆ ಮೈಲಿಗೆಯೆಂಬುದಿಲ್ಲ ಎಂಬ ಮಾತನ್ನು ಮಠದಲ್ಲಿ ಕೇಳಿಬಂದು ಊಟದ ಹೊತ್ತಿನಲ್ಲಿ ದೊಡ್ಡ ದನಿಯಲ್ಲಿ ಹೇಳುವ ಗಂಡಸರು ನಮ್ಮಲ್ಲಿ ಯಾವ ಕಾಲಕ್ಕೂ ಕಡಿಮೆಯಿರಲಿಲ್ಲ. ಆದರೆ ಆ ಮಾತು ನಡುಮನೆ ದಾಟಿ ಅಡುಗೆಮನೆಯ ಗೂಡಿನವರೆಗೆ ಬಂದಿರಲಿಲ್ಲ. ತಿಂಗಳ ದಿನಗಳಲ್ಲಿ ಭರಣಿ ಮುಟ್ಟಿದರೆ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುತ್ತದೆ ಎಂದು ನಮ್ಮತ್ತೆ ಮಾಡಿದ ಕಟ್ಟಳೆ, ಅವರು ತೀರಿಕೊಂಡ ಮೇಲೂ ಉಳಿದಿತ್ತು. ನಾನು ತಿಂಗಳುಗಟ್ಟಲೆ ಒಂದು ದಿನವೂ ಬಿಡದೆ ಭರಣಿಗೆ ಕೈ ಹಾಕಿದ್ದನ್ನು ಮೈದುನನ ಹೆಂಡತಿ ನೋಡಿದಳು. ನೋಡಿದ್ದನ್ನು ಗಂಡನಿಗೆ ಹೇಳಿದಳು.

ಭರಣಿಯ ಲೆಕ್ಕ ಇಟ್ಟವರು ನನ್ನ ಮೈಯ ಉರಿಯ ಬಗ್ಗೆ ಕೇಳಲಿಲ್ಲ. ಹೊಟ್ಟೆಯ ಮೇಲಿನಿಂದ ಏನೋ ಹೊತ್ತಿಕೊಂಡು ಎದೆ, ಕುತ್ತಿಗೆ, ಕಿವಿಯವರೆಗೆ ಏರುತ್ತಿತ್ತು. ಮುಖ ಕೆಂಪೇರಿ ಬೆವರು ಕಿತ್ತುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೇ ಬೆವರು ತಣ್ಣಗಾಗಿ ನಡುಕ ಬರುತ್ತಿತ್ತು. ನಿದ್ದೆ ಕೆಟ್ಟಿತ್ತು. ಸಿಟ್ಟು ಮೂಗಿನ ತುದಿಯಲ್ಲಿತ್ತು. ಸಿಟ್ಟು ನನಗೆ ಮೊದಲೂ ಇತ್ತೆಂದು ಹೇಳುವವರಿದ್ದಾರೆ, ಹೇಳಲಿ.

ಆ ವರ್ಷದ ವೈಶಾಖದಲ್ಲಿ ಹಿರೇನಲ್ಲೂರಿನ ಕಡೆಯ ಒಂದು ಮನೆಯವರು ಮದುವೆಯ ಜವಳಿ ತೆಗೆಯಲು ಬಂದರು. ಹತ್ತು ಹನ್ನೆರಡು ಜನ, ಮುಂದಾಳು ಮದುಮಗನ ತಾಯಿ. ನನ್ನ ವಯಸ್ಸಿನವರು, ಗಟ್ಟಿ ಹೆಂಗಸು. ಧಾರೆ ಸೀರೆ ತೋರಿಸುತ್ತಿದ್ದೆ. ಅರಿಶಿನದ ಬಣ್ಣ, ಕೆಂಪು ಅಂಚು. ಸೆರಗು ಬಿಡಿಸಿ ಮೊಣಕಾಲ ಮೇಲೆ ಹರಡಿಕೊಂಡಿದ್ದಾಗ ಉರಿ ಏರಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮೂಗಿನ ತುದಿಯಿಂದ ಒಂದು ಹನಿ ಬೆವರು ರೇಷ್ಮೆಯ ಮೇಲೆ ಬಿದ್ದು ಕಾಸಿನಗಲ ಕಲೆಯಾಯಿತು.

ಎದುರಿನ ಗಾದಿಯಿಂದ ಮೈದುನ ಎಲ್ಲರಿಗೂ ಕೇಳುವಂತೆ ಹೇಳಿದ:

"ಅತ್ಗೆ, ನೀವಿನ್ ಮನೇಲಿರಿ. ಹಿಂಗ್ ಬೆವರು ಸುರ್ಸ್ಕಂಡು ರೇಷ್ಮೆ ಮುಟ್ಟಿದ್ರೆ ಅಂಗ್ಡಿ ಗತಿಯೇನು? ವಯಸ್ಸಾದ್ ಮೇಲೆ ಗಾದಿ ಬಿಡೋದು ಕಲೀಬೇಕು."

ನಾನು ಈ ಮನೆಗೆ ಬಂದಾಗ ಅವನು ಚಡ್ಡಿಯ ದಾರ ಕಟ್ಟಿಕೊಳ್ಳಲು ಬಾರದೆ ನನ್ನ ಹತ್ತಿರ ಓಡಿಬರುತ್ತಿದ್ದವನು. ಅವನ ಮಾತಿಗೆ ಮದುವೆಯವರ ಕಡೆಯ ಇಬ್ಬರು ಗಂಡಸರು ನಕ್ಕರು. ಒಬ್ಬರ ಹಲ್ಲಿಗೆ ಎಲೆಯಡಿಕೆಯ ಚೂರು ಅಂಟಿತ್ತು. ಮದುಮಗನ ತಾಯಿ ಮಾತ್ರ ನಗದೆ, "ನೀರ್ ಕೊಡ್ರೋ ಯಾರಾದ್ರೂ, ನಗೋದು ಆಮೇಲಾಗ್ಲಿ" ಎಂದರು. ಅವಮಾನವನ್ನು ಹೇಗೋ ಹಾಗೆ ಈ ಮಾತನ್ನೂ ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಮನೆಗೆ ಬಂದರೆ ವಾರಗಿತ್ತಿ ಒಲೆಯ ಮುಂದೆ ಕುಳಿತಿದ್ದಳು. ನೀಲಿ ನೈಲಾನ್ ಸೀರೆ, ಬಿಳಿಯ ಹೂವು. ಅಂಗಡಿಯಲ್ಲಾದದ್ದನ್ನು ಹೇಳಿಕೊಂಡೆ. ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಹೇಳಿದಳು:

"ಬಿಡಕ್ಕ, ಮೈ ಬಗ್ಗಿಸಿ ದುಡಿಯೋರಿಗೆ ಇವೆಲ್ಲ ಎಲ್ಲಿ ಬತ್ತವೆ? ಗಾದಿ ಮೇಲೆ ಕೂತು ಕೂತು ಮೈಗೆ ಕಾವು ಹತ್ತೈತೆ ಅಷ್ಟೆ."

ಆ ರೊಟ್ಟಿಯನ್ನು ನಾನು ತಿನ್ನಲಿಲ್ಲ.

ಯಜಮಾನರು ಊರಿಂದ ಬಂದ ಮೇಲೆ ಅಣ್ಣತಮ್ಮಂದಿರ ಮಾತುಕತೆ ನಡೆಯಿತು. ಯಜಮಾನರು ಯಾರ ಮನಸ್ಸನ್ನೂ ನೋಯಿಸದವರು. ಅಂಥವರಿಂದ ಹೆಂಡತಿಗೆ ಆಗುವ ನೋವು ಹೆಚ್ಚು. "ದೀಪಾವಳಿ ವ್ಯಾಪಾರ ಮುಗಿಯೋವರೆಗೆ ನೋಡಾಣ. ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ನೀನೇ ಬೇಡ ಅಂತೀಯ" ಎಂದರು. ನಾನು ಬೇಡ ಎನ್ನುವವಳಲ್ಲ ಎಂಬುದು ಮೂವತ್ತನಾಲ್ಕು ವರ್ಷ ಸಂಸಾರ ಮಾಡಿಯೂ ಅವರಿಗೆ ತಿಳಿದಿರಲಿಲ್ಲ.

ಕಡೂರಿನಲ್ಲಿ ಒಬ್ಬರು ಲೇಡಿ ಡಾಕ್ಟರು ಇದ್ದಾರೆಂದು ಕೇಳಿದ್ದೆ. ಬೆಳಗಿನ ಗಾಡಿಗೆ ಬೀರೂರು ದಾಟಿ ಕಡೂರಿಗೆ ಹೋದೆ. ಅವರು ಎಲ್ಲವನ್ನೂ ಕೇಳಿ, ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕುಳಿತರು.

"ಇದಕ್ಕೆ ಹಾರ್ಮೋನ್ ಮಾತ್ರೆ ಅಂತ ಇದೆ ಅಮ್ಮ. ಆದ್ರೆ ನಿಮ್ಮಕ್ಕ ಎದೇಲಿ ಗಂಟಾಗಿ ತೀರ್ಕೊಂಡ್ರು ಅಂದ್ರಲ್ಲ, ಅದಕ್ಕೆ ನಿಮಗೆ ಅದನ್ನ ಕೊಡೋಕೆ ನನಗೆ ಧೈರ್ಯ ಇಲ್ಲ."

"ಹಂಗಾದ್ರೆ ನಾನು ಹಿಂಗೇ ಉರ್ಕಂಡಿರ್ಬೇಕಾ?"

"ಇದು ಕಾಯಿಲೆ ಅಲ್ಲ, ಕಾಲಕ್ರಮೇಣ ತಗ್ಗುತ್ತೆ. ಅಲ್ಲೀವರೆಗೆ ಏನು ಮಾಡ್ದಾಗ ಹೆಚ್ಚಾಗುತ್ತೆ ಅಂತ ನೀವೇ ಗಮನಿಸಿ. ಒಬ್ಬೊಬ್ಬರಿಗೆ ಒಂದೊಂದು. ನಿಮಗೆ ಯಾವಾಗ ಹೆಚ್ಚು?"

"ಮೈದುನ ಮಾತಾಡ್ದಾಗ."

ಡಾಕ್ಟರು ನಕ್ಕುಬಿಟ್ಟರು. "ಅವರನ್ನ ಸುಮ್ಮನಿರಿಸೋ ಔಷಧಿ ನನ್ನ ಹತ್ರ ಇಲ್ಲ. ಬೆಳಿಗ್ಗೆ ಚೆನ್ನಾಗಿ ನಡೀರಿ. ಮೂಳೆ ಸವೆಯೋ ವಯಸ್ಸು, ರಾಗಿ, ಹಾಲು, ಮೊಸರು ಬಿಡಬೇಡಿ. ಒಂದು ಮಾತು ಮಾತ್ರ ಮರೀಬೇಡಿ. ಪೂರ್ತಿ ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡ್ರೂ ನಾಚ್ಕೊಂಡು ಮನೇಲಿ ಕೂರಬಾರದು, ಬರಬೇಕು."

ನನಗೆ ಮರೆಯಬೇಡಿ ಎಂದು ಹೇಳಿದ ಮೊದಲ ವ್ಯಕ್ತಿ ಅವರೇ. ಉಳಿದವರೆಲ್ಲ ಮರೆತುಬಿಡು ಎನ್ನುತ್ತಾರೆ.

ಬಣ್ಣ ಬಿಡುತ್ತದೆಯೇ ಎಂದು ಸೀರೆಯನ್ನು ನೋಡುವಾಗ ನಾವು ಒಂದೊಂದೇ ಅಂಚನ್ನು ನೀರಿಗೆ ಅದ್ದಿ ನೋಡುತ್ತೇವೆ. ಎಲ್ಲವನ್ನೂ ಒಟ್ಟಿಗೆ ನೆನೆಹಾಕಿದರೆ ಬಿಟ್ಟ ಬಣ್ಣ ಯಾವುದೆಂದು ತಿಳಿಯುವುದಿಲ್ಲ. ನನ್ನ ಮೈಯನ್ನೂ ಹಾಗೆಯೇ ನೋಡಲು ನಿಶ್ಚಯಿಸಿದೆ.

ಮೊದಲು ಸಿಕ್ಕಿದ್ದು ಕಾಫಿ. ಮದುವೆಯ ಜವಳಿಗೆ ಬಂದವರಿಗೆ ಹೋಟೆಲಿನಿಂದ ಕಾಫಿ ತರಿಸುವುದು ಅಂಗಡಿಯ ಪದ್ಧತಿ. ತರಿಸಿದವರೂ ಜೊತೆಗೆ ಕುಡಿಯಬೇಕು. ಇಲ್ಲವಾದರೆ ಮನಸ್ಸಿಟ್ಟು ವ್ಯಾಪಾರ ಮಾಡುತ್ತಿಲ್ಲ ಎಂದು ಗಿರಾಕಿಗಳಿಗೆ ಅನ್ನಿಸುತ್ತದೆ. ಜವಳಿಯ ದಿನಗಳಲ್ಲಿ ನಾನು ಎಷ್ಟು ಲೋಟ ಕುಡಿಯುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಬಿಟ್ಟು ನೋಡಿದೆ, ಮೊದಲ ವಾರ ತಲೆ ಸಿಡಿಯಿತು, ಆಮೇಲೆ ಮಧ್ಯಾಹ್ನದ ಉರಿ ಅರ್ಧಕ್ಕೆ ಇಳಿಯಿತು. ಕಾಫಿಯ ಬದಲು ಮನೆಯಿಂದ ಮಜ್ಜಿಗೆ ತಂದಿಟ್ಟುಕೊಂಡು ಗಿರಾಕಿಗಳ ಜೊತೆ ಅದನ್ನೇ ಕುಡಿದೆ. "ಜವಳಿ ಅಂಗ್ಡಿ ಅಲ್ಲ ಇದು, ಅರವಟ್ಟಿಗೆ" ಎಂದ ಮೈದುನ. ಹಳ್ಳಿಯಿಂದ ಬಿಸಿಲಲ್ಲಿ ನಡೆದು ಬಂದ ಹೆಂಗಸರು ಮಾತ್ರ, "ನಮಗೂ ಅದ್ನೇ ಕೊಡ್ರಮ್ಮ, ಆ ಕಹಿನೀರು ಬ್ಯಾಡ" ಎಂದರು.

ಆಮೇಲೆ ನಡಿಗೆ. ಹೆಂಗಸೊಬ್ಬಳು ಕೆಲಸವಿಲ್ಲದೆ ನಡೆಯಬಹುದು ಎಂಬುದು ಆಗ ನಮ್ಮೂರಿಗೆ ತಿಳಿಯದ ಸಂಗತಿ. ಬೆಳಕು ಹರಿಯುವಾಗ ಮನೆ ಬಿಟ್ಟು ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ಬರುತ್ತಿದ್ದೆ. ದಾರಿಯುದ್ದಕ್ಕೂ ಜಗಲಿಗಳಿಂದ ಪ್ರಶ್ನೆ. "ಎಲ್ಲಿಗಮ್ಮ?" "ಯಾರ್ ಬತ್ತಾರಮ್ಮ?" "ಯಾರಿಗಾದ್ರೂ ಹುಷಾರಿಲ್ವಾ?" ಉತ್ತರ ಕೊಟ್ಟು ಸಾಕಾಗಿ, ಹಾಲಿಗೆ ಹೊರಟವಳಂತೆ ಕೈಯಲ್ಲೊಂದು ಖಾಲಿ ಚೊಂಬು ಹಿಡಿದುಕೊಂಡು ಹೋಗತೊಡಗಿದೆ. ಚೊಂಬು ಇದ್ದ ಮೇಲೆ ಯಾರೂ ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಮೂಟೆ ಹೊರುವ ಮುದುಕನೊಬ್ಬನಿಗೆ ಮಾತ್ರ ಚೊಂಬು ಸಮಾಧಾನ ಕೊಡಲಿಲ್ಲ.

"ದಿನಾ ಬತ್ತೀರಲ್ಲಮ್ಮಾ, ಯಾವ್ ಗಾಡಿಗೆ?"

"ಯಾವ್ ಗಾಡಿಗೂ ಅಲ್ಲಪ್ಪ."

"ಮತ್ಯಾಕ್ ಬಂದ್ರಿ?"

"ವಾಪಸ್ ಹೋಗಾಕೆ."

ಅವನು ತಲೆಯ ಸಿಂಬಿ ಸರಿಮಾಡಿಕೊಳ್ಳುತ್ತ, "ಅದೂ ಸರೀನೆ. ಬಂದೋರೆಲ್ಲ ಹೋಗ್ಲೇಬೇಕಲ್ಲ" ಎಂದ. ಶ್ರಾವಣ ಬರುವ ಹೊತ್ತಿಗೆ ಚೊಂಬನ್ನು ಮನೆಯಲ್ಲೇ ಬಿಟ್ಟೆ. ನಿದ್ದೆ ಪೂರ್ತಿ ಅಲ್ಲದಿದ್ದರೂ ಬರತೊಡಗಿತ್ತು.

ಊಟದ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ಅಂತರಘಟ್ಟೆಯ ಕಡೆಯ ಗಿರಾಕಿಯೊಬ್ಬಳು ಅಗಸೆ ಪುಡಿ ತಿನ್ನಿ ಎಂದಳು, ಮತ್ತೊಬ್ಬಳು ಎಳ್ಳು ಎಂದಳು, ಇನ್ನೊಬ್ಬಳು ಎಳ್ಳು ಉಷ್ಣ, ಮುಟ್ಟಲೇಬೇಡಿ ಎಂದಳು. ಅಗಸೆಯನ್ನು ಹುರಿದು ಒಣಮೆಣಸು, ಬೆಳ್ಳುಳ್ಳಿ ಹಾಕಿ ಕುಟ್ಟಿ ತಿಂದೆ. ಅದರಿಂದ ಗುಣ ಕಂಡಿತೋ ಇಲ್ಲವೋ ಹೇಳಲಾರೆ, ರೊಟ್ಟಿಗೆ ರುಚಿಯಾಗಿತ್ತು. ಮೆಣಸು ಹಾಕಿದ ದಿನ ಉರಿ ಹೆಚ್ಚಿದ್ದು ಮಾತ್ರ ನಿಜ. ಆಮೇಲೆ ಮೆಣಸಿಲ್ಲದೆ ಕುಟ್ಟಿದೆ.

ಇಷ್ಟಾದರೂ ಅಂಗಡಿಯಲ್ಲಿ ಕುಳಿತಾಗ ಉರಿ ಬಿಡಲಿಲ್ಲ. ಮನೆಯಲ್ಲಿ ಕಡಿಮೆ, ಗಾದಿಯ ಮೇಲೆ ಹೆಚ್ಚು. ವಾರಗಿತ್ತಿ ಹೇಳಿದ್ದೇ ಸರಿಯೇನೋ ಎಂದು ಒಂದು ಕ್ಷಣ ಅನ್ನಿಸಿದ್ದು ನನಗೆ ಉರಿಗಿಂತ ಹೆಚ್ಚಿನ ಸಂಕಟ ಕೊಟ್ಟಿತು.

ಉತ್ತರ ಸಿಕ್ಕಿದ್ದು ಮಳೆಯ ದಿನವೊಂದರಲ್ಲಿ. ಒಗೆದ ಸೀರೆಗಳನ್ನೆಲ್ಲ ಮಗಳು ಅಟ್ಟದ ಮೇಲೆ ಹರವಿದ್ದಳು, ಹೆಂಚು ಸೋರಿ ಅವೆಲ್ಲ ನೆನೆದುಹೋಗಿದ್ದವು. ಕೌದಿ ಹೊಲಿಸಲೆಂದು ಟ್ರಂಕಿನಲ್ಲಿ ಎತ್ತಿಟ್ಟಿದ್ದ ಅತ್ತೆಯವರ ಹಳೆಯ ಕೈಮಗ್ಗದ ಸೀರೆಯೊಂದು ಕೈಗೆ ಸಿಕ್ಕಿತು. ಒಗೆದು ಒಗೆದು ಬಾಳೆಯ ಸುಳಿಯಷ್ಟು ಮೆತ್ತಗಾಗಿದ್ದ ನೂಲಿನ ಸೀರೆ. ಅದನ್ನೇ ಉಟ್ಟು ಅಂಗಡಿಗೆ ಹೋದೆ. ಮಧ್ಯಾಹ್ನ ಉರಿ ಬಂತು, ಬಂದದ್ದು ಕುತ್ತಿಗೆಯವರೆಗೆ ಏರಿ, ಸೆರಗಿನಲ್ಲಿ ಇಂಗಿ, ಹೋಗಿಬಿಟ್ಟಿತು. ಬೆವರು ಹನಿಯಾಗಿ ಉರುಳಲಿಲ್ಲ.

ಆಗ ನೈಲಾನಿಗಿದ್ದ ಮರ್ಯಾದೆ ಇಂದಿನವರಿಗೆ ಅರ್ಥವಾಗುವುದು ಕಷ್ಟ. ಇಸ್ತ್ರಿ ಬೇಡ, ಗಂಜಿ ಬೇಡ, ಹಿಂಡಿ ಹಾಕಿದರೆ ಗಳಿಗೆಯಲ್ಲಿ ಒಣಗಿತು. ನೂಲಿನ ಸೀರೆಯೆಂದರೆ ಕಳೆ ಕೀಳಲು ಹೋಗುವಾಗ ಉಡುವಂಥದು ಎಂಬ ಮಾತು ಬಂದಿತ್ತು. ಜವಳಿ ಅಂಗಡಿಯ ಹೆಂಗಸು ಹೊಸದನ್ನು ಉಟ್ಟು ತೋರಿಸಬೇಕೆಂದು ಮೈದುನನೇ ನೈಲಾನ್, ಪಾಲಿಯೆಸ್ಟರ್ ಸೀರೆಗಳನ್ನು ತರಿಸಿ ನನಗೆ ಕೊಡುತ್ತಿದ್ದ. ಮನೆಯಲ್ಲಿ ಹಳೆಯ ನೂಲಿನದನ್ನು ಉಡುತ್ತಿದ್ದೆ. ಗಾದಿಗೆ ಹೊರಡುವಾಗ ಗಾಳಿಯಾಡದ ಆ ನೈಲಾನನ್ನು ಸುತ್ತಿಕೊಂಡು ಹೊರಡುತ್ತಿದ್ದೆ.

ನಾನು ಅಷ್ಟಕ್ಕೇ ನಂಬುವವಳಲ್ಲ. ಒಂದು ದಿನ ಅದು, ಒಂದು ದಿನ ಇದು ಎಂದು ಉಟ್ಟು ನೋಡಿದೆ. ಅನುಮಾನ ಉಳಿಯಲಿಲ್ಲ. ಧೂಳು ಬರುತ್ತದೆಂದು ಮುಚ್ಚಿಟ್ಟಿದ್ದ ಬಲಗಡೆಯ ಕಿಟಕಿಯನ್ನೂ ತೆಗೆಸಿ, ತೆಳ್ಳನೆಯ ಮಲ್ಲು ಬಟ್ಟೆ ಕಟ್ಟಿದೆ. ನೂಲಿನ ಸೀರೆ ಉಟ್ಟೇ ಗಾದಿಯ ಮೇಲೆ ಕುಳಿತೆ.

ಮೈದುನ ಮೂರು ದಿನ ತಡೆದುಕೊಂಡ.

"ಏನತ್ಗೆ ಇದು? ಅಂಗ್ಡಿ ಯಜಮಾನ್ತಿ ಕೌದಿಗೆ ಹಾಕೋ ಸೀರೆ ಉಟ್ಕಂಡ್ ಕೂತ್ರೆ ನೈಲಾನ್ ಯಾರ್ ತಗತಾರೆ?"

"ಬಾರಪ್ಪ ಇಲ್ಲಿ" ಎಂದೆ. ಬಟ್ಟೆ ಅಸಲಿಯೋ ಬೆರಕೆಯೋ ಎಂದು ತಿಳಿಯಲು ಎಳೆ ಕಿತ್ತು ಸುಟ್ಟು ನೋಡುವುದು ನಮ್ಮ ವ್ಯಾಪಾರದ ಹಳೆಯ ರೀತಿ. ನನ್ನ ಸೆರಗಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ತೋರಿಸಿದೆ. ಉರಿದು, ಉಫ್ ಎಂದರೆ ಹಾರುವ ಬೂದಿಯಾಯಿತು. ಅವನ ನೈಲಾನಿನಿಂದ ಒಂದೆಳೆ ಕಿತ್ತು ತೋರಿಸಿದೆ. ಅದು ಮುದುಡಿ, ಕರಗಿ, ರಾಗಿ ಕಾಳಿನಷ್ಟು ಗಂಟಾಯಿತು.

"ಇದು ನಂಗೊತ್ತಿಲ್ವಾ?" ಎಂದು ಗಂಟನ್ನು ಹಿಸುಕಿದವನು, "ಹಾ!" ಎಂದು ಬೆರಳನ್ನು ಬಾಯಿಗಿಟ್ಟುಕೊಂಡ.

"ಒಂದ್ ಬೆರಳಿಗೇ ಹಿಂಗಾಡ್ತೀಯ. ನಾನು ಕೂಗ್ಕಂಡ್ನಾ?"

ಅವನು ನೈಲಾನ್ ಸೀರೆಯನ್ನು ಮಡಿಸಿಕೊಂಡು ತನ್ನ ಗಾದಿಗೆ ಹೋದ. ದೀಪಾವಳಿಯ ಗಡುವನ್ನು ಮಾತ್ರ ಬಿಟ್ಟುಕೊಡಲಿಲ್ಲ.

ದೀಪಾವಳಿಯ ವ್ಯಾಪಾರ ನಡೆಯಿತು. ಎರಡು ಸಲ ಮುಖ ಕೆಂಪೇರಿತು. ಸೀರೆಯ ಮೇಲೆ ಏನೂ ಬೀಳಲಿಲ್ಲ. ಹಬ್ಬ ಕಳೆದ ವಾರದಲ್ಲಿ ಹಿರೇನಲ್ಲೂರಿನ ಅದೇ ಮನೆಯವರು ಎರಡನೆಯ ಮಗನ ಮದುವೆಗೆ ಜವಳಿ ತೆಗೆಯಲು ಬಂದರು. ವೈಶಾಖದಲ್ಲಿ ನಕ್ಕಿದ್ದ ಇಬ್ಬರೂ ಇದ್ದರು. ಯಜಮಾನರೂ ಅಂಗಡಿಯಲ್ಲಿದ್ದರು. ನನ್ನ ಗಾದಿಯ ವಿಚಾರ ಆ ದಿನವೇ ತೀರ್ಮಾನವಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ಗೊತ್ತಿತ್ತು.

ಧಾರೆ ಸೀರೆ ಆಯಿತು. ಇನ್ನುಳಿದದ್ದು ಮುಯ್ಯಿಯ ಸೀರೆ: ಮದುಮಗಳ ಕಡೆಯ ಅಜ್ಜಿ, ದೊಡ್ಡಮ್ಮ, ಸೋದರತ್ತೆಯರಿಗೆ ಉಡಿಸುವಂಥವು. ಆ ಕಾಲಕ್ಕೆ ಅದಕ್ಕೆ ನೈಲಾನೇ ನಡೆಯುತ್ತಿತ್ತು. ಮೈದುನ ಆಗಲೇ ಕಟ್ಟು ಬಿಚ್ಚಿ ಹರಡಿದ್ದ. ಮದುಮಗನ ತಾಯಿ ಅವನ್ನು ನೋಡಲಿಲ್ಲ. ನನ್ನ ಸೆರಗಿನ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿದರು.

"ಆವತ್ತು ಬೆಂಕಿ ಬಿದ್ದಂಗಿತ್ತು ನಿಮ್ ಮುಖ. ಇವತ್ತು ತಣ್ಣಗೈತೆ. ಏನ್ ಮಾಡ್ಕಂಡ್ರಿ ತಾಯಿ? ನಂಗೂ ಹಂಗೇ ಆಗ್ತೈತೆ. ಯಾರಿಗೇಳನ?"

ಹೇಳಿದೆ. ಕಾಫಿ, ನಡಿಗೆ, ಸೀರೆ, ಕಡೂರಿನ ಡಾಕ್ಟರು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ನೆಟ್ಟಗೆ ಕುಳಿತು ಗಂಡಸರ ಕಡೆ ತಿರುಗಿದರು.

"ಆ ನೈಲಾನ್ ಕಟ್ಟಿಡ್ರಪ್ಪ. ಮುಯ್ಯಿಗೆಲ್ಲ ಇವರುಟ್ಟಿರೋ ಥರದ್ದು ಬೇಕು."

"ಅದು ಹಳೇದು ಕಣಮ್ಮ, ಮಾಲಿಲ್ಲ" ಎಂದ ಮೈದುನ.

"ಇಲ್ದಿದ್ರೆ ತರ್ಸ್ಕೊಡ್ರಿ. ಮದ್ವೆಗಿನ್ನೂ ಟೈಮೈತೆ. ಬೀಗರ ಮುದುಕೀರು ನನ್ನನ್ನ ನೆನೀಬೇಕು, ಬೈಬಾರದು."

ನಕ್ಕಿದ್ದ ಗಂಡಸರಲ್ಲಿ ಒಬ್ಬರು ಮೆಲ್ಲಗೆ, "ನಮ್ಮನೇವ್ಳಿಗೂ ಒಂದು" ಎಂದರು. ಈ ಸಲ ಅವರ ಹಲ್ಲು ಚೊಕ್ಕವಾಗಿತ್ತು.

ತರೀಕೆರೆಯ ನನ್ನ ತವರುಮನೆಯ ಹಿಂದಿನ ಬೀದಿಯಲ್ಲಿ ಆಗ ಇನ್ನೂ ಕೆಲವು ಮಗ್ಗಗಳು ಉಸಿರಾಡುತ್ತಿದ್ದವು. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಹೇಳಿಬಂದವಳು ನಾನೇ. ಯಜಮಾನರು ಜೊತೆಗೆ ಬಂದು ಚೀಲ ಹಿಡಿದುಕೊಂಡರು. ಹಿಂದಿರುಗುವಾಗ ಬಸ್ಸಿನಲ್ಲಿ, "ದೀಪಾವಳಿ ಆಯ್ತಲ್ಲ" ಎಂದೆ. ಅವರು ಕಿಟಕಿಯ ಆಚೆ ನೋಡುತ್ತ, "ಯಾವ ದೀಪಾವಳಿ?" ಎಂದರು. ಗಡುವಿನ ಮಾತು ಅಲ್ಲಿಗೆ ಮುಗಿಯಿತು. ಕ್ಷಮೆ ಕೇಳಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಉರಿ ಎರಡು ಮೂರು ವರ್ಷ ಇದ್ದು, ಬಂದಂತೆಯೇ ಹೇಳದೆ ಹೋಯಿತು. ಗಾದಿಯ ಬಳಿ ಕಿಟಕಿಗೆ ಹತ್ತಿರವಾದ ಕಪಾಟಿನಲ್ಲಿ ನೂಲಿನ ಸೀರೆಗಳು ಉಳಿದುಕೊಂಡವು. ನಲವತ್ತೈದು ದಾಟಿದ ಹೆಂಗಸರು ಬಂದು ಏನೂ ಹೇಳದೆ ಆ ಕಪಾಟಿನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದರು. ಮಜ್ಜಿಗೆ ಕೊಟ್ಟು ಮಾತಿಗೆ ಕೂರಿಸುತ್ತಿದ್ದೆ.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯ ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ವಾರಗಿತ್ತಿ ಅಂಗಡಿಯ ಬಾಗಿಲಲ್ಲಿ ನಿಂತಳು. ಅವಳು ಅಂಗಡಿಗೆ ಬರುವವಳಲ್ಲ. ಮೈಮೇಲೆ ಅದೇ ನಮೂನೆಯ ನೈಲಾನು, ಈ ಸಲ ಹಸಿರು. ಮುಖ ಕೆಂಪಾಗಿತ್ತು, ಕತ್ತಿನಿಂದ ಬೆವರು ಹರಿಯುತ್ತಿತ್ತು. ಅದೇನೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

"ಮೈ ಬಗ್ಗಿಸಿ ದುಡಿಯೋರಿಗೆ ಇವೆಲ್ಲ ಎಲ್ಲಿ ಬತ್ತವೆ?" ಎಂದೆ. ಅವಳ ಮಾತು, ಅವಳ ದನಿ, ಒಂದಕ್ಷರ ಬದಲಿಸದೆ.

ಅವಳು ತಲೆ ತಗ್ಗಿಸಲಿಲ್ಲ. "ನೀವು ಮರ್ತಿರಲ್ಲ ಅಂತ ಗೊತ್ತಿತ್ತು ಕಣಕ್ಕ. ಅದಕ್ಕೇ ಸಂಕ್ರಾಂತಿಯಿಂದ ತಡ್ಕಂಡಿದ್ದೆ. ಇನ್ನಾಗಲ್ಲ, ಬಂದೆ."

ಸಂಕ್ರಾಂತಿಯಿಂದ ಆ ಬೇಸಿಗೆಯವರೆಗೆ, ಒಂದೇ ಸೂರಿನಡಿಯಲ್ಲಿ. ನಾನು ಎದ್ದು ಕಪಾಟಿನಿಂದ ಮೆತ್ತನೆಯ ಸೀರೆಯೊಂದನ್ನು ತೆಗೆದೆ. ಹೊಸತಲ್ಲ, ಅತ್ತೆಯವರದು, ನಾನು ಉಟ್ಟದ್ದು, ಒಗೆದು ಮಡಿಸಿಟ್ಟದ್ದು. ಹಿಂದಿನ ಕೋಣೆಗೆ ಕಳಿಸಿದೆ. ಉಟ್ಟುಕೊಂಡು ಬಂದವಳು ಮನೆಗೆ ಹೊರಟಳು. ಕೈ ಹಿಡಿದು ಗಾದಿಯ ಮೇಲೆ ಕೂರಿಸಿದೆ.

"ಅಯ್ಯೋ, ಇಲ್ಲಿ ಬ್ಯಾಡಕ್ಕ, ಅವರು ಬಂದ್ರೆ—"

"ಬರ್ಲಿ. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ನಂಜೊತೆ ನಡೀಬೇಕು. ನಾಡಿದ್ದು ಕಡೂರು. ಚೊಂಬೇನೂ ತರಬ್ಯಾಡ."

ಊಟ ಮುಗಿಸಿ ಬಂದ ಮೈದುನ ಹೊಸ್ತಿಲಲ್ಲೇ ನಿಂತ. ಹೆಂಡತಿಯನ್ನು ನೋಡಿದ, ಅವಳ ಮೈಮೇಲಿದ್ದ ತನ್ನ ತಾಯಿಯ ಸೀರೆಯನ್ನು ನೋಡಿದ, ನನ್ನನ್ನು ನೋಡಿದ. ಗಾದಿ ಬಿಡುವುದನ್ನು ಕಲಿಯಬೇಕೆಂದು ಅವನು ಹೇಳಿದ್ದು ಅವನಿಗೂ ನೆನಪಿತ್ತೆಂದು ಕಾಣುತ್ತದೆ; ಬಲಗಡೆಗೆ ಬರದೆ ತನ್ನ ಗಾದಿಯ ಕಡೆ ತಿರುಗಿದ. ಅಷ್ಟರಲ್ಲಿ ಹಳ್ಳಿಯ ಹೆಂಗಸರ ಗುಂಪೊಂದು ಒಳಗೆ ಬಂತು.

"ಮೇಲಿನ ಸಾಲಿನ ಕಟ್ಟು ಇಳಿಸಪ್ಪ" ಎಂದೆ. "ನಾವಿಬ್ರೂ ಇಲ್ಲಿ ತೋರಿಸ್ತೀವಿ."

ಅವನು ಏಣಿ ತರಲು ಹೋದ. ಕಿಟಕಿಯ ಗಾಳಿ ಇಬ್ಬರಿಗೂ ತಾಗಲೆಂದು ನಾನು ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತೆ.